ಹೆಸರು ಕೆಟ್ಟವರು ಬಿಟ್ಟುಹೋದ ಕಾರುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಂಗಳೂರಿನ ಹಳೇ ಕಾರುಪ್ರಿಯರ ನಡುವೆ ದೊಡ್ಡ ಹೆಸರಿದ್ದ, ಅಷ್ಟೇ ಅಪವಾದವೂ ಇದ್ದ ಸಂಗ್ರಾಹಕರೊಬ್ಬರು ಈಚೆಗೆ ತೀರಿಕೊಂಡರು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅವರ ಸುತ್ತಲೇ ಇವೆ. ಅವರ ಹೆಸರನ್ನೂ ಪತ್ರ ಬರೆದವರ ಹೆಸರನ್ನೂ ಬಿಟ್ಟಿದ್ದೇವೆ.

ಸೋದರಮಾವ ಜೀವನವಿಡೀ ಹಳೇ ಕಾರು ಸೇರಿಸಿದವರು. ಗುಜರಿಗೆ ಹೋಗಬೇಕಿದ್ದ ಗಾಡಿಗಳನ್ನು ಉಳಿಸಿದರು, ಎಷ್ಟೋ ಹುಡುಗರಿಗೆ ಕೆಲಸ ಕಲಿಸಿದರು. ಎರಡು ಕಾರು ಸೇರಿಸಿ ಒಂದು ಮಾಡಿ ‘ಒರಿಜಿನಲ್’ ಅಂತ ಮಾರುತ್ತಿದ್ದರು, ಚಾಸಿ ನಂಬರ್ ಬದಲಾಯಿಸುತ್ತಿದ್ದರು ಎಂಬ ಮಾತೂ ಇದೆ. ಶೆಡ್ಡಿನಲ್ಲಿ ಐದು ಕಾರುಗಳಿವೆ. ಅವರ ನೆನಪಿಗೆ ಒಂದು ಪ್ರದರ್ಶನ ಮಾಡೋಣ ಅಂತ ಗೆಳೆಯರು ಒತ್ತಾಯಿಸುತ್ತಿದ್ದಾರೆ. ಅವರನ್ನು ಹೇಗೆ ತೂಗಬೇಕು? — ಮಲ್ಲೇಶ್ವರದಿಂದ ಒಬ್ಬ ಓದುಗ

ಅವರನ್ನು ತೂಗುವ ಮೊದಲು ಐದು ಕಾರುಗಳಿಗೂ ಒಂದೊಂದು ಫೈಲು ತೆರೆಯಿರಿ. ಇಂಥವರ ಬಗ್ಗೆ ಊರಲ್ಲಿ ಓಡಾಡುವ ಮಾತಿನಲ್ಲಿ ಅರ್ಧ ಹೊಟ್ಟೆಕಿಚ್ಚು, ಅರ್ಧ ಭಕ್ತಿ ಇರುತ್ತದೆ. ಕಬ್ಬಿಣಕ್ಕೂ ಕಾಗದಕ್ಕೂ ಅದರ ಹಂಗಿಲ್ಲ.

ಫೈಲಿನಲ್ಲಿ ಇರಬೇಕಾದವು: ಆರ್‌ಸಿ, ಆರ್‌ಟಿಓದಿಂದ ತೆಗೆಸಿದ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ರಿಜಿಸ್ಟರಿನಲ್ಲಿ ಆ ಗಾಡಿಯ ಬಗ್ಗೆ ಇರುವ ವಿವರದ ನಕಲು), ಹಳೇ ಟ್ಯಾಕ್ಸ್ ಕಾರ್ಡು, ಇನ್ಶೂರೆನ್ಸ್ ಚೀಟಿ, ಕೊಂಡಾಗಿನ ರಸೀದಿ, ಲೇತ್ ಮತ್ತು ಟಿಂಕರಿಂಗ್ ಬಿಲ್ಲುಗಳು, ಕಾರು ಬಂದಾಗ ಹೇಗಿತ್ತು ಎಂದು ತೋರಿಸುವ ಫೋಟೊ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅವರ ಕೈಕೆಳಗೆ ಕೆಲಸ ಮಾಡಿದ ಟಿಂಕರ್, ಪೇಂಟರ್, ವೆಲ್ಡರ್ ಇನ್ನೂ ಇದ್ದರೆ ಈಗಲೇ ಕೂರಿಸಿಕೊಂಡು ಮಾತಾಡಿಸಿ. ಯಾವ ಕಾರಿನ ನೆಲದ ತಗಡು ಬದಲಾಯಿತು, ಬಾಗಿಲು ಯಾವ ಗಾಡಿಯಿಂದ ಬಂತು, ಎಂಜಿನ್ ಎಲ್ಲಿಂದ ಬಂತು ಎಂಬುದು ಅವರಿಗೆ ನೆನಪಿರುತ್ತದೆ. ಹೇಳಿದ್ದನ್ನು ತಾರೀಕು ಹಾಕಿ ಬರೆದಿಡಿ. ಕಾಗದವನ್ನು ಆಮೇಲೂ ಹುಡುಕಬಹುದು, ಈ ನೆನಪು ಮತ್ತೆ ಸಿಗುವುದಿಲ್ಲ.

ಆಮೇಲೆ ಅವರು ಮಾಡಿದ ಒಂದೊಂದು ಕೆಲಸಕ್ಕೂ ಒಂದೇ ಪ್ರಶ್ನೆ ಹಾಕಿ: ಇದನ್ನು ಸರಿಮಾಡಲು ಆಗುತ್ತದೆಯೇ? ಬಣ್ಣ ತಪ್ಪಾಗಿದ್ದರೆ ಬಳಿಸಬಹುದು. ಸೀಟಿಗೆ ರೆಕ್ಸಿನ್ ಹಾಕಿದ್ದರೆ ಕಿತ್ತು ಹೊಲಿಸಬಹುದು. ಎಂಜಿನ್ ಬೇರೆಯದಾದರೂ ಹಳೆಯದು ಶೆಡ್ಡಿನ ಮೂಲೆಯಲ್ಲಿದ್ದರೆ ಮತ್ತೆ ಕೂರಿಸಬಹುದು. ಚಾಸಿ ನಂಬರನ್ನು ಗ್ರೈಂಡರಿನಲ್ಲಿ ಉಜ್ಜಿ ಬೇರೆ ನಂಬರ್ ಹೊಡೆದರೆ ಮಾತ್ರ ಆ ಕಾರಿನ ಅಷ್ಟೂ ವರ್ಷದ ಚರಿತ್ರೆ ಹೋಯಿತು. ಕಾರುಪ್ರಿಯ ಅನ್ನಿಸಿಕೊಂಡವರು ಮಾಡಬಹುದಾದ ಅತಿ ದೊಡ್ಡ ತಪ್ಪು ಇದೇ ಎಂದು ನಾವು ನಂಬಿದ್ದೇವೆ. ಹತ್ತು ಕಾರು ಉಳಿಸಿದ ಪುಣ್ಯ ಇದಕ್ಕೆ ವಜಾ ಆಗುವುದಿಲ್ಲ. ಇದೊಂದನ್ನು ಮಾಡಿದ್ದರು ಅಂತ ಆ ಹತ್ತು ಕಾರುಗಳ ಕೆಲಸವೂ ಸುಳ್ಳಾಗುವುದಿಲ್ಲ.

ಅವರ ಕಾಲವನ್ನೂ ನೋಡಬೇಕು. 1991ಕ್ಕೆ ಮುಂಚೆ ಹೊರದೇಶದ ಬಿಡಿಭಾಗ ತರಿಸುವುದೆಂದರೆ ಲೈಸೆನ್ಸು, ಪರ್ಮಿಟ್ಟು, ಸುಂಕ. ಜೆ.ಸಿ. ರಸ್ತೆಯಲ್ಲಿ ಸಿಗದ್ದನ್ನು ಶಿವಾಜಿನಗರದ ಗುಜರಿಯಲ್ಲಿ ಹುಡುಕಿ, ಅಲ್ಲೂ ಸಿಗದಿದ್ದರೆ ಕಲಾಸಿಪಾಳ್ಯದ ಲೇತಿನಲ್ಲಿ ಮಾಡಿಸಿಕೊಳ್ಳಬೇಕಿತ್ತು. ಅಮೆರಿಕದ ದೊಡ್ಡ ಪೆಟ್ರೋಲ್ ಕಾರಿಗೆ ಪರ್ಕಿನ್ಸ್ ಅಥವಾ ಮೆಟಡೋರ್ ಡೀಸೆಲ್ ಎಂಜಿನ್ ಹಾಕುವುದು ಅವತ್ತು ಮೋಸವಾಗಿರಲಿಲ್ಲ. ಅಂಥ ಎಷ್ಟೋ ಕಾರುಗಳು ತಕ್ಕಡಿಗೆ ಹೋಗದೆ ಉಳಿದದ್ದೇ ಆ ಎಂಜಿನ್ನಿನಿಂದ. ‘ಎಂಜಿನ್ ಬದಲಾಯಿಸಿದ್ದೇನೆ’ ಎಂದು ಹೇಳಿ ಮಾರಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಮುಚ್ಚಿಟ್ಟು ಮಾರಿದ್ದರೆ ತಪ್ಪು ಆ ಮುಚ್ಚಿಟ್ಟದ್ದರಲ್ಲಿದೆ.

ಇದೇ ಪ್ರಶ್ನೆಯನ್ನು ಫ್ರಾನ್ಸಿನ ಮುಲೂಸ್ ಪಟ್ಟಣವೂ ಎದುರಿಸಿತ್ತು. ಅಲ್ಲಿ ಷ್ಲುಂಫ್ ಅಣ್ಣತಮ್ಮಂದಿರು ಉಣ್ಣೆ ಗಿರಣಿಗಳ ಮಾಲೀಕರು. ಗಿರಣಿಗಳು ಮುಳುಗಿ, ಇಬ್ಬರೂ ಸ್ವಿಟ್ಜರ್ಲೆಂಡಿಗೆ ಹೊರಟುಹೋದ ಮೇಲೆ, 1977ರ ಮಾರ್ಚಿನಲ್ಲಿ ಕಾರ್ಮಿಕರು ಬಾಗಿಲು ತೆಗೆಸಿ ನೋಡಿದರೆ ಒಳಗೆ ನಾನೂರಕ್ಕೂ ಹೆಚ್ಚು ಕಾರುಗಳು, ಅದರಲ್ಲಿ ನೂರಕ್ಕೂ ಹೆಚ್ಚು ಬುಗಾಟಿ. ಕಾರ್ಮಿಕರು ಕಾರುಗಳನ್ನು ಒಡೆದುಹಾಕಲಿಲ್ಲ. ಗಿರಣಿಯನ್ನು ವಶದಲ್ಲಿಟ್ಟುಕೊಂಡು ಜನರಿಗೆ ತೋರಿಸಿದರು. 1978ರಲ್ಲಿ ಸರ್ಕಾರ ಆ ಸಂಗ್ರಹವನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು, 1982ರಲ್ಲಿ ಅದು ರಾಷ್ಟ್ರೀಯ ಮ್ಯೂಸಿಯಂ ಆಗಿ ತೆರೆಯಿತು. ಅದರ ಹೆಸರಿನಲ್ಲಿ ಇಂದಿಗೂ ಷ್ಲುಂಫ್ ಎಂಬ ಹೆಸರಿದೆ, ಕಾರ್ಮಿಕರ ಕಥೆಯನ್ನೂ ಯಾರೂ ಮರೆತಿಲ್ಲ. ಇನ್ನೊಂದು ವಿಷಯ: ಆ ಮ್ಯೂಸಿಯಂನಲ್ಲಿ ಬುಗಾಟಿ ರಾಯಲ್ ಮಾದರಿಯ ಒಂದು ಮರುನಿರ್ಮಿತ ಕಾರಿದೆ. ಅದನ್ನು ಮರುನಿರ್ಮಾಣವೆಂದೇ ತೋರಿಸುತ್ತಾರೆ. ನಿಮ್ಮ ಪ್ರದರ್ಶನಕ್ಕೂ ಅದೇ ಮಾದರಿಯಾಗಲಿ.

ಅವರಿಂದಲೇ ಹಿಂದೆ ಒಂದು ಫಿಯೆಟ್ 1100 ಕೊಂಡಿದ್ದೆ. ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗುತ್ತಿಲ್ಲ. ಮೋಸ ಹೋದೆನೇ? — ಜಯನಗರ

ಎಂಜಿನ್ ನಂಬರ್ ಒಂದನ್ನೇ ನೋಡಿ ಹಾಗೆ ಹೇಳಲಾಗದು. 1100 ಹೋಗಿ ಪದ್ಮಿನಿ ಬಂದರೂ ಇಲ್ಲಿಯ ಪೆಟ್ರೋಲ್ ಎಂಜಿನ್ 1089 ಸಿಸಿಯದೇ ಆಗಿ ಮುಂದುವರಿಯಿತು. ಹಾಗಾಗಿ ಸವೆದ ಎಂಜಿನ್ ಬೋರ್ ಮಾಡಿಸುವ ಬದಲು ಗುಜರಿಯ ಪದ್ಮಿನಿಯಿಂದ ಬಿಚ್ಚಿ ತಂದು ಕೂರಿಸುವುದು ಮಾಮೂಲಿಯಾಗಿತ್ತು. ನಂಬರಿಲ್ಲದ ಬದಲಿ ಬ್ಲಾಕಿಗೆ ಹಳೇ ನಂಬರನ್ನೇ ಹೊಡೆಸುವ ರೂಢಿಯೂ ಇತ್ತು.

ಮೊದಲು ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ, ಎಂಜಿನ್ ಬದಲಾವಣೆ ದಾಖಲಾಗಿದೆಯೇ ನೋಡಿ. ಹಳೇ ಕೈಬರಹದ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಏರಿಸುವಾಗ 1 ಇದ್ದದ್ದು 7 ಆಗುವುದು, ಮುಂದಿನ ಅಕ್ಷರ ಬಿಟ್ಟುಹೋಗುವುದು ಉಂಟು. ವ್ಯತ್ಯಾಸ ಒಂದೇ ಅಂಕಿಯದಾದರೆ ಮೂಲ ರಿಜಿಸ್ಟರ್ ನೋಡಿಸಿ, ತಿದ್ದುಪಡಿಗೆ ಅರ್ಜಿ ಕೊಡಿ. ನಂಬರ್ ಪೂರ್ತಿ ಬೇರೆಯಾಗಿದ್ದರೆ, ಈಗ ಗಾಡಿಯಲ್ಲಿರುವ ಎಂಜಿನ್ ನಂಬರನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ‘ವಾಹನ್ ಸಮನ್ವಯ್’ನಲ್ಲಿ ಹಾಕಿ ನೋಡಿ, ಕಳವಾದ ವಾಹನಗಳ ಪಟ್ಟಿ ಅಲ್ಲಿದೆ. ಅದರಲ್ಲಿ ಇಲ್ಲದಿದ್ದರೆ ಎಂಜಿನ್ ಬಂದ ಬಿಲ್ಲು ಅಥವಾ ಮಾರಿದವರ ಪತ್ರ ಜೊತೆಗಿಟ್ಟು, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಬದಲಾವಣೆಯನ್ನು ಆರ್‌ಸಿಗೆ ಸೇರಿಸಿಕೊಡುವಂತೆ ನಿಮ್ಮ ಆರ್‌ಟಿಓಗೆ ಅರ್ಜಿ ಹಾಕಿ. ಹೇಗೂ ಓಡುತ್ತಿದೆಯಲ್ಲ ಅಂತ ಸುಮ್ಮನಿರಬೇಡಿ. ಅಪಘಾತವಾದರೆ ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡುವುದೇ ಎಂಜಿನ್ ನಂಬರ್ ಮತ್ತು ಚಾಸಿ ನಂಬರ್.

ನಮ್ಮ ಅಂಬಾಸಿಡರ್ ಕೂಡ ಅವರ ಶೆಡ್ಡಿನಿಂದಲೇ ಬಂದದ್ದು. ಚಾಸಿ ನಂಬರ್ ಮತ್ತೆ ಹೊಡೆದಿದ್ದಾರೆ ಎಂಬ ಅನುಮಾನ. ಮನೆಯಲ್ಲೇ ಹೇಗೆ ಪರೀಕ್ಷಿಸಬಹುದು? — ಹಲಸೂರು

ಸ್ವಲ್ಪ ತಾಳ್ಮೆ ಬೇಕು. ನಂಬರಿನ ಜಾಗವನ್ನು ಬಟ್ಟೆಗೆ ಥಿನ್ನರ್ ಹಾಕಿಕೊಂಡು, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಒರೆಸಿ. ಎಮರಿ ಪೇಪರ್, ವೈರ್ ಬ್ರಷ್ ಹತ್ತಿರಕ್ಕೂ ತರಬೇಡಿ. ಅವುಗಳ ಗೀರು ಗ್ರೈಂಡರಿನ ಗೀರಿನ ಹಾಗೇ ಕಾಣುತ್ತದೆ. ಆಮೇಲೆ ಯಾವುದು ಹಳೆಯದು, ಯಾವುದು ನೀವು ಮಾಡಿದ್ದು ಎಂದು ಯಾರೂ ಹೇಳಲಾರರು. ಒಣಗಿದ ಮೇಲೆ ತೆಳು ಕಾಗದ ಇಟ್ಟು 2ಬಿ ಪೆನ್ಸಿಲನ್ನು ಅಡ್ಡವಾಗಿ ಹಿಡಿದು ಉಜ್ಜಿ. ಆರ್‌ಟಿಓ ಅರ್ಜಿಗೆ ಅಂಟಿಸುವ ಅದೇ ಪೆನ್ಸಿಲ್ ಪ್ರಿಂಟ್ ಇದು. ಕಣ್ಣಿಗೆ ಕಾಣದ ಆಳದ ವ್ಯತ್ಯಾಸ ಕಾಗದದ ಮೇಲೆ ಕಾಣುತ್ತದೆ. ಹಳೇ ಅರ್ಜಿಯ ಪ್ರಿಂಟ್ ಫೈಲಿನಲ್ಲಿ ಸಿಕ್ಕಿದರೆ ಎರಡನ್ನೂ ಬೆಳಕಿಗೆ ಹಿಡಿದು ಒಂದರ ಮೇಲೊಂದಿಡಿ.

ಆಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ನಂಬರಿನ ಉದ್ದಕ್ಕೂ ಇಡಿ, ಹಿಂದಿನಿಂದ ಟಾರ್ಚ್ ಹಾಕಿ. ನಡುವೆ ಬೆಳಕು ತೂರಿದರೆ ಅಲ್ಲಿ ಲೋಹ ಸವೆಸಿದ್ದಾರೆ ಎಂದು ಅನುಮಾನಿಸಲು ಕಾರಣವಿದೆ. ಸುತ್ತ ಒಂದೇ ದಿಕ್ಕಿನಲ್ಲಿ ಸಮಾನಾಂತರ ಗೀರುಗಳಿವೆಯೇ, 3ನ್ನು 8 ಮಾಡಿದಂತೆ ಒಂದು ಅಂಕಿಯಲ್ಲಿ ಮಾತ್ರ ಎರಡು ಪೆಟ್ಟಿನ ಗುರುತಿದೆಯೇ, ತುಕ್ಕು ಎಲ್ಲ ಅಂಕಿಗಳ ಒಳಗೂ ಒಂದೇ ಬಣ್ಣದ್ದೇ ನೋಡಿ. ನಂಬರಿದ್ದ ತುಂಡನ್ನೇ ಕತ್ತರಿಸಿ ಬೇರೆ ಗಾಡಿಗೆ ವೆಲ್ಡ್ ಮಾಡುವ ಕೆಲಸ ಮುಂದಿನಿಂದ ಕಾಣುವುದಿಲ್ಲ. ತಗಡಿನ ಹಿಂಬದಿಗೆ ಕೈ ಹಾಕಿ ನೋಡಿ: ವೆಲ್ಡಿನ ಏಣು ಕೈಗೆ ಸಿಗುತ್ತದೆ, ಪ್ರೈಮರ್ ಸುಟ್ಟ ಗುರುತಿರುತ್ತದೆ. ಪೇಂಟ್ ಅಳೆಯುವ ಮೀಟರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್, 300 ದಾಟಿದರೆ ಮತ್ತೆ ಬಳಿದದ್ದು, 1000 ದಾಟಿದರೆ ಒಳಗೆ ಪುಟ್ಟಿ ಇದೆ. ನಂಬರಿನ ಸುತ್ತ ಮಾತ್ರ ಪುಟ್ಟಿ ಇದ್ದರೆ ಅದಕ್ಕೊಂದು ಕಾರಣ ಇರಲೇಬೇಕು.

ಒಂದು ಎಚ್ಚರಿಕೆ. ಆ ಕಾಲದ ನಂಬರನ್ನು ಎಷ್ಟೋ ಸಲ ಕೈಯಲ್ಲೇ ಪಂಚ್ ಇಟ್ಟು ಹೊಡೆಯುತ್ತಿದ್ದರು. ಅಂಕಿ ಸೊಟ್ಟಗಿದ್ದ ಮಾತ್ರಕ್ಕೆ ಕಳ್ಳಗಾಡಿ ಎಂದು ತೀರ್ಮಾನಿಸಬೇಡಿ. ಅದೇ ಮಾದರಿಯ, ಆಸುಪಾಸಿನ ವರ್ಷದ ಇನ್ನೊಂದು ಕಾರಿನ ಪ್ರಿಂಟ್ ತೆಗೆದು ಅಂಕಿಗಳ ಎತ್ತರ, ಆಕಾರ, ನಡುವಣ ಅಂತರ ಹೋಲಿಸಿ.

ಅನುಮಾನ ಬಲವಾದರೆ ಅಲ್ಲಿಗೇ ನಿಲ್ಲಿಸಿ. ಪಂಚ್ ಬಿದ್ದ ಜಾಗದ ಕೆಳಗಿನ ಲೋಹ ಒತ್ತಡಕ್ಕೆ ಸಿಕ್ಕಿ ಬಿಗಿಯಾಗಿರುತ್ತದೆ. ಮೇಲಿನ ಪದರ ಉಜ್ಜಿದರೂ ಆ ಗಾಯ ಒಳಗಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣ ಹಚ್ಚಿ ಅಳಿಸಿದ ಅಂಕಿಯನ್ನು ಮೇಲೆ ತರುವುದು ಹೀಗೆ: ಒತ್ತಡ ತಿಂದ ಲೋಹವೂ ಸುತ್ತಲಿನ ಲೋಹವೂ ಬೇರೆ ಬೇರೆ ವೇಗದಲ್ಲಿ ಕರಗುತ್ತವೆ. ಬೆಂಗಳೂರಿನಲ್ಲಿ ಆ ಪ್ರಯೋಗಾಲಯ ಮಡಿವಾಳದಲ್ಲಿದೆ, ಪೊಲೀಸರ ಮೂಲಕ ಹೋಗಬೇಕು. ಮನೆಯಲ್ಲಿ ಆಸಿಡ್ ಹಚ್ಚಿದರೆ ಒಳಗಿನ ಗುರುತೂ ಕರಗಿ ಸಾಕ್ಷಿ ನಾಶವಾಗುತ್ತದೆ. ಕದ್ದ ಮಾಲೆಂದು ಗೊತ್ತಿದ್ದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ವಕೀಲರೊಬ್ಬರನ್ನು ಕೇಳಿ, ಪೊಲೀಸರಿಗೆ ಲಿಖಿತವಾಗಿ ತಿಳಿಸಿಬಿಡಿ. ಮುಂದಿನವರಿಗೆ ಮಾರಿ ಕೈ ತೊಳೆದುಕೊಳ್ಳುವುದು ಮಾತ್ರ ಬೇಡ. ಆ ಸಂಗ್ರಾಹಕರ ಮೇಲೆ ನೀವು ಹೊರಿಸುತ್ತಿರುವ ತಪ್ಪು ಆಗ ನಿಮ್ಮದೂ ಆಗುತ್ತದೆ.

ಎರಡು ಸ್ಟ್ಯಾಂಡರ್ಡ್ ಹೆರಾಲ್ಡ್ ಸೇರಿಸಿ ಒಂದು ಮಾಡಿದ್ದಾರೆ. ಅದು ಅಸಲಿಯೇ, ನಕಲಿಯೇ? — ರಾಜಾಜಿನಗರ

ಹೆರಾಲ್ಡಿನಲ್ಲಿ ಇದು ಸುಲಭ, ಪ್ರಲೋಭನೆಯೂ ಹೆಚ್ಚು. ಅದಕ್ಕೆ ಪ್ರತ್ಯೇಕ ಚಾಸಿ, ಅಂದರೆ ತಳದ ಚೌಕಟ್ಟು ಇದೆ. ಬಾಡಿ ತುಂಡು ತುಂಡಾಗಿ ಬೋಲ್ಟಿನಲ್ಲಿ ಕೂತಿರುತ್ತದೆ. ಹೊರಕ್ಕೆ ಚಾಚಿದ ಚಾಸಿಯ ತೋಳುಗಳು ಮೊದಲು ತುಕ್ಕು ಹಿಡಿಯುತ್ತವೆ. ಒಂದರ ಒಳ್ಳೆಯ ಚಾಸಿಗೆ ಇನ್ನೊಂದರ ಒಳ್ಳೆಯ ಬಾಡಿ ಕೂರಿಸಿದರೆ ಒಂದು ಗಟ್ಟಿ ಕಾರು ಸಿಗುತ್ತದೆ. ಬಲ್ಕ್‌ಹೆಡ್ಡಿನ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲಿನ ಚಾಸಿ ನಂಬರಿನ ಪ್ಲೇಟು ಬರೀ ರಿವೆಟ್ಟಿನದಾದರೆ ರಿವೆಟ್ಟಿನ ತಲೆ ನೋಡಿ: ಸುತ್ತ ಬಣ್ಣ ಒಡೆದಿದ್ದರೆ, ಒಂದರಂತೆ ಇನ್ನೊಂದಿಲ್ಲದಿದ್ದರೆ ಪ್ಲೇಟು ಒಮ್ಮೆ ಎದ್ದು ಕೂತಿದೆ.

ಅಸಲಿಯೇ ಎಂಬುದಕ್ಕೆ ಲಂಡನ್ನಿನ ಹೈಕೋರ್ಟಿನಲ್ಲಿ 1990ರಲ್ಲಿ ಒಂದು ದೊಡ್ಡ ವ್ಯಾಜ್ಯ ನಡೆದಿತ್ತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ಸ್ ಕಾರು ರೇಸ್ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಅದು. ಎಂಜಿನ್ನು, ಬಾಡಿ ಎಲ್ಲ ಬದಲಾಗುತ್ತ ಬಂದು, 1929ರ ಭಾಗ ಉಳಿದದ್ದು ಬಹಳ ಕಡಿಮೆ. ಆದರೂ ಆ ಕಾರಿಗೆ ನಡುವೆ ಎಲ್ಲೂ ಮುರಿಯದ ಚರಿತ್ರೆ ಇತ್ತು, ಆ ಹೆಸರಿಗೆ ಬೇರೆ ಯಾವ ಕಾರೂ ಹಕ್ಕುದಾರನಾಗಿರಲಿಲ್ಲ. ಹಾಗಾಗಿ ಇದೇ ಆ ಕಾರು ಎಂದು ನ್ಯಾಯಾಧೀಶರು ಒಪ್ಪಿದರು. ನಿಮ್ಮ ಹೆರಾಲ್ಡಿಗೂ ಅದನ್ನೇ ಕೇಳಿ. ಯಾವ ತುಂಡು ಎಲ್ಲಿಂದ ಬಂತೆಂಬ ದಾಖಲೆ ಇದೆಯೇ? ಬಿಚ್ಚಿದ ಇನ್ನೊಂದು ಕಾರಿನ ಆರ್‌ಸಿ ರದ್ದಾಗಿದೆಯೇ, ಅಥವಾ ಆ ಕಾಗದ ಬೇರೆಲ್ಲೋ ಇನ್ನೊಂದು ಗಾಡಿಯ ಹೊಟ್ಟೆಯಲ್ಲಿ ಓಡಾಡುತ್ತಿದೆಯೇ? ಎರಡನೆಯದಾದರೆ ಕಾರು ಎಷ್ಟೇ ಚೆನ್ನಾಗಿದ್ದರೂ ನಾವು ಕೊಳ್ಳೆವು.

ಶೆಡ್ಡಿನ ಕಾರುಗಳನ್ನು ಹೆಸರಿಗೆ ಮಾಡಿಸಿಕೊಳ್ಳುವುದು ಹೇಗೆ? ಸ್ಟಾರ್ಟ್ ಮಾಡಿ ನೋಡಬಹುದೇ? — ಅದೇ ಮನೆಯ ಇನ್ನೊಬ್ಬರು

ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ಮರಣ ಪತ್ರ, ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್ ಬೇಕು. ವಾರಸುದಾರರು ಹಲವರಿದ್ದರೆ ಉಳಿದವರ ಒಪ್ಪಿಗೆಯ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಆರ್‌ಸಿ ಬೇರೆಯವರ ಹೆಸರಿನಲ್ಲೇ ಇದ್ದರೆ (ಇಂಥ ಸಂಗ್ರಹಗಳಲ್ಲಿ ಇದು ಬಹಳ) ಫಾರಂ 31 ನಡೆಯುವುದಿಲ್ಲ. ಆ ಮಾಲೀಕರನ್ನೋ ಅವರ ವಾರಸುದಾರರನ್ನೋ ಹುಡುಕಿ 29, 30ನೇ ಫಾರಂಗಳಿಗೆ ಸಹಿ ಪಡೆಯಬೇಕು. ಖಾಲಿ ಬಿಟ್ಟು ಸಹಿ ಹಾಕಿಸಿಟ್ಟ ಹಳೇ ಫಾರಂಗಳ ಕಟ್ಟು ಸಿಕ್ಕಿದರೆ ತಾರೀಕು ತುಂಬಿ ಓಡಿಸಲು ಹೋಗಬೇಡಿ.

ಸ್ಟಾರ್ಟ್ ಮಾಡುವುದು ಈಗ ಬೇಡ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟಿರುತ್ತವೆ. ಬ್ಯಾಟರಿ ಕೊಟ್ಟು ತಿರುಗಿಸಿದರೆ ರಿಂಗ್ ಮುರಿಯುತ್ತದೆ ಅಥವಾ ಸಿಲಿಂಡರ್ ಗೀರುತ್ತದೆ. ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಎರಡು ಟೀ ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಒಂದು ದಿನ ಹಾಗೇ ಇರಲಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ; ಬಿಗಿಯಾದರೆ ಒತ್ತಾಯ ಮಾಡಬೇಡಿ. ಟ್ಯಾಂಕಿನ ಹಳೇ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಜೆಟ್ ಮುಚ್ಚುತ್ತದೆ, ಪೂರ್ತಿ ಇಳಿಸಿ. ಬ್ರೇಕಿಗೆ ಬ್ರೇಕ್ ಫ್ಲೂಯಿಡ್ ಬಿಟ್ಟು ಬೇರೆ ಎಣ್ಣೆ ಹಾಕಿದ್ದರೆ ರಬ್ಬರ್ ಊದಿಕೊಂಡು ಚಕ್ರ ಹಿಡಿದಿರುತ್ತದೆ. 1950ರ ದಶಕದ ಕಾರಾದರೆ ಅದು 6 ವೋಲ್ಟಿನದೇ, ಪಾಸಿಟಿವ್ ಅರ್ತಿನದೇ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಿಸುವಂಥದ್ದೇ) ನೋಡದೆ ಬ್ಯಾಟರಿ ಜೋಡಿಸಬೇಡಿ.

ಗೋಣಿಚೀಲ ತುಂಬ ಬಿಡಿಭಾಗಗಳಿವೆ. ಗುಜರಿಗೆ ತೂಕಕ್ಕೆ ಹಾಕೋಣವೇ?

ದಯವಿಟ್ಟು ಬೇಡ. ರಬ್ಬರ್ ಸಾಮಾನು, ಮೆದುಗೊಳವೆ, ಬ್ರೇಕ್ ಕಪ್ಪುಗಳು ಗಟ್ಟಿಯಾಗಿದ್ದರೆ ಬಿಸಾಕಿ. ದೀಪದ ಗಾಜು, ಕ್ರೋಮ್ ಪಟ್ಟಿ, ಡ್ಯಾಶ್‌ಬೋರ್ಡಿನ ಮೀಟರ್, ಬಾಗಿಲ ಹಿಡಿ, ಬ್ಯಾಡ್ಜು ಮೊದಲು ತೆಗೆದಿಡಿ; ಇವನ್ನು ಲೇತಿನಲ್ಲಿ ಮಾಡಿಸಲಾಗುವುದಿಲ್ಲ. ಕಬ್ಬಿಣದ ಭಾಗಗಳಿಗೆ ನ್ಯೂಸ್‌ಪೇಪರ್ ಸುತ್ತಬೇಡಿ, ಅದು ತೇವ ಹೀರಿ ತುಕ್ಕು ತರಿಸುತ್ತದೆ. ಎಣ್ಣೆ ಸವರಿ ಮೇಣದ ಕಾಗದದಲ್ಲಿ ಸುತ್ತಿ. ನಂಬರ್ ಪಂಚ್ ಸೆಟ್ಟು, ಕಳಚಿದ ಚಾಸಿ ಪ್ಲೇಟುಗಳು ಸಿಕ್ಕಿದರೆ ಬಿಸಾಕಬೇಡಿ, ಮಾರಲೂಬೇಡಿ. ಒಂದೊಂದರ ಫೋಟೊ ತೆಗೆದು, ಸಿಕ್ಕ ಜಾಗ ಬರೆದು ಬೀಗ ಹಾಕಿಡಿ. ಅವರ ಮೇಲಿನ ಅಪವಾದ ನಿಜವೋ ಸುಳ್ಳೋ ಎಂದು ತಿಳಿಯಲು ಆ ಪ್ಲೇಟುಗಳೇ ನೆರವಾದಾವು.

50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿ ಮಾಡಿಸಿದರೆ ಹಳೇ ಗೊಂದಲ ಮುಗಿಯುತ್ತದೆಯೇ? — ಬಸವನಗುಡಿ

ಮುಗಿಯುವುದಿಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಫಾರಂ 20ರ ಜೊತೆ ಹಳೇ ಆರ್‌ಸಿ ಅಥವಾ ಆಮದಿನ ಬಿಲ್ ಆಫ್ ಎಂಟ್ರಿ ಕೇಳುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹಳೇ ನಂಬರ್ ಇದ್ದರೆ ಉಳಿಸಿಕೊಳ್ಳಬಹುದು, ಹೊಸದಾದರೆ ‘ವಿಎ’ ಸರಣಿ ಬರುತ್ತದೆ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಚಾಸಿ ನಂಬರಿನ ಪ್ರಶ್ನೆ ಬಗೆಹರಿಯದ ಕಾರನ್ನು ಇದರೊಳಗೆ ತೂರಿಸಿದರೆ ಸುಳ್ಳಿಗೆ ಸರ್ಕಾರದ ಮುದ್ರೆ ಒತ್ತಿಸಿದಂತಾಗುತ್ತದೆ.

ಸತ್ತವರ ತಪ್ಪನ್ನು ಪ್ರದರ್ಶನದಲ್ಲಿ ಬರೆಯುವುದು ಸರಿಯೇ? ಬರೆದರೆ ಏನೆಂದು ಬರೆಯುವುದು? — ಪ್ರದರ್ಶನ ಏರ್ಪಡಿಸುತ್ತಿರುವ ಗೆಳೆಯರು

ಅವರ ಗುಣಾವಗುಣ ಬರೆಯಬೇಕಾಗಿಲ್ಲ, ಕಾರಿನ ಸ್ಥಿತಿಯನ್ನು ಬರೆಯಲೇಬೇಕು. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾದ ಟ್ಯೂರಿನ್ ಸನ್ನದು ಕೂಡ ಕೇಳುವುದು ಇದನ್ನೇ: ಮಾಡಿದ ಕೆಲಸ ದಾಖಲಾಗಲಿ, ಬದಲಿ ಭಾಗ ಗುರುತು ಸಿಗುವಂತಿರಲಿ. ಅವರು ಮಾಡಿದರು ಎಂದು ಸಾಬೀತಾಗದ್ದನ್ನು ಅವರ ತಲೆಗೆ ಕಟ್ಟಬೇಡಿ. ಆ ಕಾರು ನಾಲ್ಕು ಕೈ ದಾಟಿ ಬಂದಿದ್ದರೆ ಮೊದಲ ಮೂವರಲ್ಲಿ ಯಾರಾದರೂ ಮಾಡಿರಬಹುದು. ಅವರ ಬಳಿ ಕೆಲಸ ಕಲಿತವರ ಹೆಸರುಗಳನ್ನು, ಅವರ ಒಪ್ಪಿಗೆ ಪಡೆದು, ಪ್ರತಿ ಕಾರಿನ ಪಕ್ಕ ಹಾಕಿ. ಅವರು ಬಿಟ್ಟುಹೋದದ್ದರಲ್ಲಿ ಯಾರೂ ಅನುಮಾನಿಸದ ಭಾಗ ಅದು.

ಬೋರ್ಡು ಹೀಗಿರಬಹುದು: ‘ಬಾಡಿ ಈ ಮಾದರಿಯದೇ. ಎಂಜಿನ್ ನಂತರದ ವರ್ಷದ್ದು. ಬಲ ಬಾಗಿಲು ಮತ್ತು ನೆಲದ ತಗಡು ಬದಲಾಗಿವೆ. ಚಾಸಿ ನಂಬರ್ ಮತ್ತೆ ಹೊಡೆದಂತೆ ಕಾಣುತ್ತದೆ. ಯಾರು, ಯಾವಾಗ ಎಂಬುದಕ್ಕೆ ದಾಖಲೆ ಸಿಕ್ಕಿಲ್ಲ. ಕಾರು ಮಾರಾಟಕ್ಕಿಲ್ಲ.’ ಅಕ್ಷರ ನಿಂತು ಓದುವಷ್ಟು ದೊಡ್ಡದಿರಲಿ, ಬೋರ್ಡು ಬಾನೆಟ್ಟಿನ ಎದುರಿಗೇ ಇರಲಿ. ಪೊಲೀಸರಿಗೆ ತಿಳಿಸಬೇಕಾದ ಕಾರು ಇದ್ದರೆ ಅದನ್ನು ಪ್ರದರ್ಶನಕ್ಕೆ ತರದೆ, ಮೊದಲು ಆ ಕೆಲಸ ಮುಗಿಸಿ.